ಮಂಡಿಯ ಕೆಳಗೆ ನಾಲ್ಕು ಬೆರಳು

ಕ್ಯಾತನಹಳ್ಳಿಯ ತಮ್ಮಯ್ಯನ ಬಲಗೈ ಯಾವಾಗಲೂ ಟವೆಲ್ಲಿನೊಳಗೇ ಇರುತ್ತಿತ್ತು. ಊರಿನ ಗಂಡಸರ ಟವೆಲ್ಲು ಹೆಗಲ ಮೇಲಿದ್ದರೆ ಇವನದು ಹೆಗಲಿನಿಂದ ಇಳಿದು ಮುಂಗೈ ಸುತ್ತಿಕೊಂಡು ತೂಗುತ್ತಿತ್ತು. ನೋಡಿ ನೋಡಿ ಜನಕ್ಕೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಆ ಕೈಗೆ ಕಿರುಬೆರಳಿಲ್ಲ ಎಂಬುದನ್ನು ಅರ್ಧ ಊರು ಮರೆತೇ ಬಿಟ್ಟಿತ್ತು. ಉಳಿದರ್ಧ ಊರು ಹುಟ್ಟುವ ಮೊದಲೇ ಆ ಬೆರಳು ಹೋಗಿತ್ತು.

ಹೋದದ್ದು ಅಪ್ಪನ ಆಲೆಮನೆಯ ಗಾಣದಲ್ಲಿ. ತಮ್ಮಯ್ಯನಿಗೆ ಆಗ ಹದಿನೆಂಟು, ತಂಗಿ ಮಾದಮ್ಮನಿಗೆ ಹದಿಮೂರು. ನಾಲೆ ಏರಿಯ ಪಕ್ಕದಲ್ಲಿ ಆಲೆಮನೆ. ಗಾಣಕ್ಕೆ ಕಬ್ಬು ಕೊಡುವ ಆಳು ಬಂದಿರಲಿಲ್ಲ ಎಂದು ಹುಡುಗಿ ತಾನೇ ನಿಂತು ಜಲ್ಲೆ ಕೊಡುತ್ತಿದ್ದಳು. ಜಲ್ಲೆಯ ಸಿಬಿರಿಗೆ ಬಳೆ ಸಿಕ್ಕಿಕೊಂಡಿತು. ಜಲ್ಲೆ ಒಳಗೆ ಹೋಗುತ್ತಿತ್ತು, ಬಳೆಯೂ ಹೋಗುತ್ತಿತ್ತು, ಬಳೆಯ ಹಿಂದೆ ಕೈ. ತಮ್ಮಯ್ಯ ಎಗರಿ ಬಂದು ಎಳೆದ. ಅವಳ ಕೈ ಈಚೆ ಬಂತು, ಇವನ ಕಿರುಬೆರಳು ಆಚೆ ಹೋಯಿತು. ಅವತ್ತಿನ ಕಬ್ಬಿನ ಹಾಲನ್ನು ಅಪ್ಪ ಕಾಯಿಸಲಿಲ್ಲ, ಕೊಪ್ಪರಿಗೆಗೆ ಕೊಪ್ಪರಿಗೆಯೇ ನಾಲೆಗೆ ಸುರಿದುಬಿಟ್ಟ. ಮುಂದೆ ಆ ಆಲೆಮನೆ ಹೊಗೆಯಾಡಲೇ ಇಲ್ಲ.

ಮಾದಮ್ಮ ಮೂರು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಅಣ್ಣನ ಕೈ ಕಣ್ಣಿಗೆ ಬಿದ್ದರೆ ಸಾಕು, ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದಳು. ನೋಡದೆ ಇದ್ದರೆ ಮರೆತಾಳು ಎಂದು ತಮ್ಮಯ್ಯ ಕೈಗೆ ಟವೆಲ್ಲು ಸುತ್ತಿಕೊಂಡ. ಹದಿನೆಂಟರಲ್ಲಿ ಮಾಡಿದ ತೀರ್ಮಾನವನ್ನು ಅರವತ್ತಾರರವರೆಗೆ ಎಳೆದುಕೊಂಡು ಬರುವ ಜನ ನಮ್ಮ ಕಡೆ ಕಡಿಮೆಯೇನಿಲ್ಲ. ಅದು ಸರಿಯೋ ತಪ್ಪೋ ಎಂದು ನಡುವೆ ಒಂದು ಸಲ ನಿಂತು ಯೋಚಿಸುವ ಪದ್ಧತಿಯೂ ನಮ್ಮಲ್ಲಿಲ್ಲ.

ಮಾದಮ್ಮನನ್ನು ಮೂರು ಮೈಲಿ ಆಚೆಯ ಮಾವಿನಕಟ್ಟೆ ಕೊಪ್ಪಲಿಗೆ ಕೊಟ್ಟರು. ಮೊದಲ ಗೌರಿ ಹಬ್ಬಕ್ಕೆ ಬಾಗಿನದ ಮೊರ ಕೈಗೆ ಕೊಡುವಾಗ ಅಪ್ಪ ಹೇಳಿದ್ದ: "ತವರಿನ ದಾರೀಲಿ ಉಲ್ಲು ಬೆಳೀಬಾರ್ದು ಕಣ್ಲಾ ತಮ್ಮ. ಗಾಡೀಲಿ ಓದ್ರೆ ಉಲ್ಲು ಸಾಯಾಕಿಲ್ಲ, ಕಾಲಲ್ಲಿ ತುಳುದ್ರೇ ಸಾಯೋದು. ನಡ್ಕಂಡೋಗಿ ಕೊಡು." ಅಪ್ಪ ಹೋಗಿ ಇಪ್ಪತ್ತು ವರ್ಷವಾದರೂ ಮಾತು ಹೋಗಿರಲಿಲ್ಲ. ನಲವತ್ಮೂರು ಗೌರಿಗಳಿಗೆ ತಮ್ಮಯ್ಯ ನಾಲೆ ಏರಿಯ ಮೇಲೆ ಮೊರ ಹೊತ್ತು ನಡೆದಿದ್ದ. ಮೊರವನ್ನು ಕೆಳಗಿನಿಂದ ಹಿಡಿದು ಕೊಡುವುದರಿಂದ ಕೈ ಕಾಣುತ್ತಿರಲಿಲ್ಲ. ಕಷ್ಟವಾಗುತ್ತಿದ್ದದ್ದು ಊಟದ ಹೊತ್ತಿಗೆ. ಉಣ್ಣಬೇಕಾದರೆ ಬಲಗೈ ಹೊರಗೆ ಬರಬೇಕು. ಆದ್ದರಿಂದ ತಮ್ಮಯ್ಯ ತಂಗಿಯ ಮನೆಯಲ್ಲಿ ನಲವತ್ಮೂರು ವರ್ಷವೂ ಒಂದೇ ಮಾತು ಹೇಳಿದ್ದ: "ಒಟ್ಟೆ ತುಂಬದೆ ಕಣವ್ವ, ಒಂಚೂರು ಮಜ್ಜಿಗೆ ಕೊಡು ಸಾಕು." ಎಡಗೈಯಲ್ಲಿ ಲೋಟ ಹಿಡಿದು, ನಿಂತುಕೊಂಡೇ ಕುಡಿದು, ಬಂದ ದಾರಿಯಲ್ಲೇ ತಿರುಗುತ್ತಿದ್ದ. ಒಬ್ಬಟ್ಟಿನ ವಾಸನೆ ನಾಲೆ ಏರಿಯವರೆಗೂ ಹಿಂದೆ ಬರುತ್ತಿತ್ತು.

ಹೋದ ವರ್ಷ ಗೌರಿಗೆ ಹದಿನೈದು ದಿನ ಮುಂಚೆ ಚಿಕನ್‌ಗುನ್ಯಾ ಜ್ವರ ಬಂತು. ಜ್ವರ ಹೋಯಿತು, ಗಂಟುನೋವು ಉಳಿಯಿತು. ಬಲಗಾಲಂತೂ ಮಂಡಿಯಿಂದ ಕೆಳಗೆ ಮನೆಗೆ ಬಂದ ನೆಂಟರಂತೆ, ಹೇಳಿದ ಮಾತು ಕೇಳದು. ಬಾಗಿನವನ್ನು ಮಗ ಚಲುವರಾಜು ಬೈಕಿನಲ್ಲಿ ತೆಗೆದುಕೊಂಡು ಹೋಗಿ ಕೊಟ್ಟು ಬಂದ. ಮಾದಮ್ಮ ಈಸಿಕೊಂಡಳು. ಬಿಚ್ಚದೆ, ಕಟ್ಟಿದ ದಾರ ಹಾಗೇ ಇರುವಂತೆ ಅಟ್ಟದ ಮೇಲಿಟ್ಟಳು.

"ಅತ್ತೆ ಏನೂ ಅನ್ನಲಿಲ್ಲ ಕಣಪ್ಪ," ಎಂದ ಚಲುವರಾಜು. "ಅಣ್ಣಯ್ಯ ನಡ್ಕಂಡ್ ಬಂದ ದಿವ್ಸ ಬಿಚ್ತೀನಿ ಅಂದ್ರು ಅಷ್ಟೇ."

ಅಷ್ಟೇ ಎನ್ನುವ ಮಾತು ತಮ್ಮಯ್ಯನ ಎದೆಯಲ್ಲಿ ಒಂದು ವರ್ಷ ಕೂತಿತ್ತು. ಈ ಗೌರಿಗೂ ನಡೆಯಲಾಗದಿದ್ದರೆ ಇನ್ನು ನಡೆದ ಹಾಗೆಯೇ ಎಂದು ಅವನಿಗೆ ಗೊತ್ತಿತ್ತು. ಎರಡು ಮೊರ ಅಟ್ಟ ಹತ್ತಿದ ಮೇಲೆ ತವರಿನ ದಾರಿ ಹುಲ್ಲಿನದೇ.

ಆಸ್ಪತ್ರೆಯ ಮಾತ್ರೆ ನುಂಗಿದ, ಎಣ್ಣೆ ತಿಕ್ಕಿದ, ಬಿಸಿ ಮರಳಿನ ಕಾವು ಕೊಟ್ಟುಕೊಂಡ. ಆಷಾಢದಲ್ಲಿ ಯಾರೋ ಪದ್ಮ ಮೇಡಂ ಹೆಸರು ಹೇಳಿದರು. ಪದ್ಮ ಶ್ರೀರಂಗಪಟ್ಟಣದ ದೇವಸ್ಥಾನದ ಮನೆತನದವರು, ವಿಜ್ಞಾನದ ಟೀಚರಾಗಿ ರಿಟೈರಾದವರು. ರಿಟೈರಾದ ಮೇಲೆ ಚೀನಾದವರ ಒತ್ತುವೈದ್ಯ ಕಲಿತು, ಭಾನುವಾರಗಳಲ್ಲಿ ಪಾಂಡವಪುರದ ತಮ್ಮನ ಮನೆಯ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿಕೊಡುತ್ತಿದ್ದರು. ತಮ್ಮಯ್ಯ ಹೋದ ದಿನ ಜಗಲಿಯ ತುಂಬ ಜನ. ಎಲ್ಲರದೂ ಕಾಲು, ಎಲ್ಲರದೂ ಮಂಡಿ.

"ಮೊದಲೇ ಹೇಳಿಬಿಡ್ತೀನಿ," ಎಂದರು ಪದ್ಮ. "ಸೂಜಿ ಹಾಕೋದು ನನ್ನ ಕೆಲಸ ಅಲ್ಲ, ಬೆರಳಲ್ಲಿ ಒತ್ತೋದು ಮಾತ್ರ ಗೊತ್ತು. ಡಾಕ್ಟರು ಕೊಟ್ಟ ಮಾತ್ರೆ ಯಾರೂ ಬಿಡಬಾರದು."

ತಮ್ಮ ಸೀರೆಯನ್ನು ಮಂಡಿಯವರೆಗೆ ಸರಿಸಿ, ಪಾಠ ಮಾಡುವ ಧಾಟಿಯಲ್ಲೇ ತೋರಿಸಿದರು. "ಬಲಗಾಲಿಗೆ ಬಲಗೈ, ಎಡಗಾಲಿಗೆ ಎಡಗೈ. ನಾಲ್ಕು ಬೆರಳು ಜೋಡಿಸಿ ಮಂಡಿಚಿಪ್ಪಿನ ಕೆಳಗೆ ಅಡ್ಡ ಇಡಿ. ತೋರುಬೆರಳು ಮೇಲೆ, ಕಿರುಬೆರಳು ಕೆಳಗೆ. ಕಿರುಬೆರಳು ಎಲ್ಲಿ ಮುಗಿಯುತ್ತೋ ಅಲ್ಲಿಂದ ಮೂಳೆಯ ಹೊರಗಡೆಗೆ ಒಂದು ಹೆಬ್ಬೆರಳು. ಅಲ್ಲೊಂದು ಸಣ್ಣ ಹಳ್ಳ ಸಿಗುತ್ತೆ. ಒತ್ತಿದರೆ ಜುಮ್ ಅಂತ ಪಾದದವರೆಗೂ ಇಳಿಯಬೇಕು. ಇಳಿಯದಿದ್ದರೆ ಜಾಗ ತಪ್ಪಿದೆ ಅಂತ ಅರ್ಥ. ಒಂದು ನೆನಪಿಡಿ, ನನ್ನ ಕೈ ಅಳತೆ ನಿಮ್ಮ ಕಾಲಿಗೆ ಬರೋದಿಲ್ಲ. ಅವರವರ ಕಾಲಿಗೆ ಅವರವರ ಬೆರಳೇ."

"ಇದ್ಕೆ ಏನಾರ ಎಸ್ರದಾ ಮೇಡಂ?" ಎಂದು ಹಿಂದಿನಿಂದ ಒಂದು ಹೆಂಗಸು ಕೇಳಿತು.

"ಇದೆ. ಜು ಸಾನ್ ಲಿ ಅಂತಾರೆ. ಕಾಲಿನ ಮೂರು ಲೀ. ಲೀ ಅಂದರೆ ಅವರ ದೂರದ ಅಳತೆ, ನಮ್ಮ ಮೈಲಿ ಇದ್ದ ಹಾಗೆ, ಆದರೆ ಚಿಕ್ಕದು. ಇನ್ನು ಒಂದು ಹೆಜ್ಜೆಯೂ ಆಗೋಲ್ಲ ಅನ್ನೋವಾಗ ಇಲ್ಲಿ ಒತ್ತಿಕೊಂಡು ಮತ್ತೆ ಮೂರು ಲೀ ನಡೀತಿದ್ದರಂತೆ."

ಮೂರು ಎಂಬುದು ಕಿವಿಗೆ ಬಿದ್ದದ್ದೇ ತಡ, ಚಿಕ್ಕದು ಎಂಬುದು ತಮ್ಮಯ್ಯನ ಕಿವಿಗೆ ಬೀಳಲೇ ಇಲ್ಲ. ಯಾವುದೋ ಕಾಲದಲ್ಲಿ, ಸಮುದ್ರದಾಚೆ ಎಲ್ಲೋ, ಯಾರೋ ಒಬ್ಬ ಅಣ್ಣ ಮೂರು ಮೈಲಿ ಆಚೆಯ ತಂಗಿಯ ಮನೆಗೆ ನಡೆಯಲೆಂದೇ ಈ ಜಾಗ ಕಂಡುಹಿಡಿದಿರಬೇಕು ಎಂದು ಅವನಿಗೆ ಅನ್ನಿಸಿತು.

ಪದ್ಮ ಒಬ್ಬೊಬ್ಬರ ಹತ್ತಿರವೂ ಬಂದು ನೋಡುತ್ತಿದ್ದರು. ತಮ್ಮಯ್ಯ ಬಲಗೈಯನ್ನು ಟವೆಲ್ಲಿನ ಸಮೇತ ಮಂಡಿಯ ಮೇಲೆ ಇಟ್ಟ. ಎಡಗೈ ಟವೆಲ್ಲು ಜಾರದಂತೆ ಹಿಡಿದುಕೊಂಡಿತ್ತು.

"ಸಿಕ್ತಾ ಯಜಮಾನರೇ? ಜುಮ್ ಅಂತಾ?"

"ಸಿಕ್ತು ಸಿಕ್ತು. ಜುಮ್ಮಂತು," ಎಂದ ತಮ್ಮಯ್ಯ. ಅಷ್ಟು ಜನರ ನಡುವೆ ಇನ್ನೇನು ಹೇಳಿಯಾನು?

ಮನೆಗೆ ಬಂದು ಮಧ್ಯಾಹ್ನದ ಊಟವಾದ ಮೇಲೆ ಜಗಲಿಯ ಕಂಬಕ್ಕೆ ಒರಗಿ, ಯಾರೂ ಇಲ್ಲದ್ದು ನೋಡಿ ಟವೆಲ್ಲು ತೆಗೆದ. ಬಲಗಾಲಿಗೆ ಬಲಗೈ. ಕಣ್ಣು ಮುಚ್ಚಿ ಬೆರಳು ಜೋಡಿಸಿದ. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯದು ಅವನಿಗೆ ನಿಜವಾಗಿಯೂ ಅನ್ನಿಸುತ್ತಿತ್ತು. ಹೋದ ಬೆರಳು ಕೈಯಿಂದ ಹೋಗಿತ್ತೇ ಹೊರತು ಲೆಕ್ಕದಿಂದ ಹೋಗಿರಲಿಲ್ಲ. ಚಳಿಗಾಲದಲ್ಲಿ ಅದು ನೋಯುತ್ತಿತ್ತು, ಸೆಕೆಯಲ್ಲಿ ಬೆವರುತ್ತಿತ್ತು. ಒಮ್ಮೊಮ್ಮೆ ಅದರ ತುದಿ ತುರಿಸಿ, ತಮ್ಮಯ್ಯ ಗಾಳಿಯನ್ನು ಕೆರೆದುಕೊಳ್ಳುತ್ತಿದ್ದ. ಹಾಗಾಗಿ ಇದ್ದ ಮೂರಕ್ಕೆ ಇಲ್ಲದ ಒಂದನ್ನು ತಾನಾಗಿಯೇ ಸೇರಿಸಿ, ಉಂಗುರಬೆರಳು ಮುಗಿದಲ್ಲೇ ಹೆಬ್ಬೆರಳು ಊರಿ ಒತ್ತಿದ.

ಜುಮ್ಮೆನ್ನಲಿಲ್ಲ. ಆದರೆ ಕಣ್ಣು ಎಳೆಯಿತು.

ಅವತ್ತು ಬಿದ್ದ ಕನಸಿನಲ್ಲಿ ತಮ್ಮಯ್ಯ ನಾಲೆ ಏರಿಯ ಮೇಲಿದ್ದ. ಎರಡು ಕಡೆಯೂ ಕಬ್ಬು ಆಳೆತ್ತರ ನಿಂತಿತ್ತು. ನಾಲೆಯ ನೀರು ಸದ್ದಿಲ್ಲದೆ ಅವನ ಜೊತೆಜೊತೆಗೇ ಬರುತ್ತಿತ್ತು. ತಲೆಯ ಮೇಲೆ ಮೊರವಿತ್ತು, ಭಾರವಿರಲಿಲ್ಲ. ಮೊರ ಹಿಡಿದ ಬಲಗೈಯಲ್ಲಿ ಐದೂ ಬೆರಳಿದ್ದವು, ಅದು ಅವನಿಗೆ ಆಶ್ಚರ್ಯವೆನಿಸಲಿಲ್ಲ. ಮಾರಮ್ಮನ ಗುಡಿಯವರೆಗೆ ಹೋಗುವಷ್ಟರಲ್ಲಿ ಹೆಂಡತಿ ಮಂಚಮ್ಮ ಕಾಫಿ ಲೋಟ ಕುಕ್ಕಿದ ಸದ್ದಿಗೆ ಎಚ್ಚರವಾಯಿತು.

ಮಾರನೆಯ ದಿನ ಕನಸು ಬಿಟ್ಟಲ್ಲಿಂದಲೇ ಶುರುವಾಯಿತು. ಗುಡಿಯಿಂದ ತೂಬಿನವರೆಗೆ ನಡೆದ. ಮೂರನೆಯ ದಿನ ತೂಬಿನಿಂದ ಹೊಂಗೆಮರದವರೆಗೆ. ಗದ್ದೆಯ ಬೆಳ್ಳಕ್ಕಿಗಳು ಹಾರುತ್ತಿರಲಿಲ್ಲ, ಅವನ ಎತ್ತರಕ್ಕೇ ಗಾಳಿಯಲ್ಲಿ ನಿಂತು ದಾರಿ ಬಿಡುತ್ತಿದ್ದವು. ನಾಲೆಯಲ್ಲಿ ಅಪ್ಪ ಸುರಿದ ಕಬ್ಬಿನ ಹಾಲು ಇನ್ನೂ ಹಸಿರಾಗಿ ಹರಿಯುತ್ತಿತ್ತು. ಇಷ್ಟು ಹಗುರವಾಗಿ ತಾನು ಹರೆಯದಲ್ಲೂ ನಡೆದಿರಲಿಲ್ಲ ಎಂದುಕೊಳ್ಳುತ್ತಿದ್ದ. ಎದ್ದರೆ ಕಾಲು ಮತ್ತೆ ಅದೇ ಕೊರಡು.

"ಕಾಲ್ ಒತ್ಕತೀರೋ ನಿದ್ದೆ ಒತ್ಕತೀರೋ?" ಎಂದಳು ಮಂಚಮ್ಮ. "ಒಂದ್ ತಿಂಗಳಿಂದ ನೋಡ್ತಾವ್ನಿ, ಗೊರ್ಕೆ ಮಾತ್ರ ವಾಸಿ ಆಗದೆ."

"ಸುಮ್ಕಿರಮ್ಮಿ. ದಿವ್ಸಾ ಒಸಿ ದೂರ ಓಯ್ತಾವ್ನಿ."

"ಎಲ್ಲಿಗೆ?"

ತಮ್ಮಯ್ಯ ಟವೆಲ್ಲು ಸುತ್ತಿಕೊಂಡು ಎದ್ದ. ಕನಸಿನ ದಾರಿ ಒಂದು ಜಾಗಕ್ಕೆ ಬಂದು ನಿಂತುಬಿಟ್ಟಿತ್ತು. ಎರಡು ಮೈಲಿಯಾದ ಮೇಲೆ ಅಪ್ಪನ ಆಲೆಮನೆ. ಎಚ್ಚರದಲ್ಲಿ ಅದು ಬರೀ ಮೋಟುಗೋಡೆ, ಲಂಟಾನ ಬೆಳೆದ ಒಲೆಯ ಗುಂಡಿ. ಕನಸಿನಲ್ಲಿ ಮಾತ್ರ ಹೊಗೆಯಾಡುತ್ತಿತ್ತು. ಕುದಿಯುವ ಹಾಲಿನ ವಾಸನೆ ದಾರಿಗೆ ಅಡ್ಡ ನಿಲ್ಲುತ್ತಿತ್ತು. ಗಾಣದ ಮುಂದೆ ಲಂಗ ಉಟ್ಟ ಹುಡುಗಿಯೊಬ್ಬಳು ಬೆನ್ನು ಹಾಕಿ ನಿಂತು ಜಲ್ಲೆ ಕೊಡುತ್ತಿದ್ದಳು. ಕೂಗಬೇಕೆಂದರೆ ಗಂಟಲು ಏಳುತ್ತಿರಲಿಲ್ಲ. ಹೆಜ್ಜೆ ಇಡಬೇಕೆಂದರೆ ಕಾಲು ಬರುತ್ತಿರಲಿಲ್ಲ. ಅಲ್ಲಿಗೆ ಎಚ್ಚರ. ಶ್ರಾವಣ ಪೂರ್ತಿ ಅವನು ಆಲೆಮನೆ ದಾಟಲಿಲ್ಲ.

ಗೌರಿ ಹಬ್ಬದ ಬೆಳಿಗ್ಗೆ ಮಂಚಮ್ಮ ಮೊರ ಸಿದ್ಧ ಮಾಡಿದಳು. ಅಕ್ಕಿ, ತೊಗರಿಬೇಳೆ, ಬೆಲ್ಲದ ಅಚ್ಚು, ಕಾಯಿ, ಅರಿಶಿನ ಕುಂಕುಮ, ಹಸಿರು ಬಳೆ, ರವಿಕೆ ಕಣ. ಮೇಲೊಂದು ಮೊರ ಮುಚ್ಚಿ ಅರಿಶಿನದ ದಾರ ಸುತ್ತಿದಳು.

"ಚಲುವರಾಜಂಗೇಳಿ ಆಟೋ ಕರಿಸ್ಲಾ? ಕೊಪ್ಪಲ ಬಾಗ್ಲಲ್ಲಿ ಇಳ್ಕಂಡು ನಡ್ಕಂಡೇ ಬಂದೆ ಅನ್ನಿ. ಯಾರ್ ನೋಡ್ತಾರೆ?"

"ಉಲ್ಲು ನೋಡ್ತದೆ," ಎಂದ ತಮ್ಮಯ್ಯ.

ಮಂಚಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡು ಮೊರ ಎತ್ತಿ ಅವನ ತಲೆಯ ಮೇಲಿಟ್ಟಳು.

ಗುಡಿಯವರೆಗೆ ಚೆನ್ನಾಗಿಯೇ ಹೋದ. ತೂಬಿನ ಹತ್ತಿರ ಕೂತು, ಮೂರು ಬೆರಳಿಗೆ ಒಂದು ಸೇರಿಸಿ ಅಳೆದು, ಒತ್ತಿಕೊಂಡ. ಹೊಂಗೆಮರದಡಿ ಮತ್ತೆ ಕೂತ. ಬಿಸಿಲು ಏರುತ್ತಿತ್ತು. ನಾಲೆ ತುಂಬಿ ಹರಿಯುತ್ತಿತ್ತು, ಆದರೆ ಕನಸಿನಂತೆ ಜೊತೆಗೆ ಬರದೆ ಇವನನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಆಲೆಮನೆಯ ಮೋಟುಗೋಡೆ ಕಾಣಿಸುವ ಹೊತ್ತಿಗೆ ಬಲಗಾಲು ನೆಲದ ಮೇಲೆ ಗೀಚುತ್ತಿತ್ತು. ಮೊರ ಬೀಳದಂತೆ ಗೋಡೆಯ ಮೇಲಿಟ್ಟು ಅದರ ಪಕ್ಕದಲ್ಲಿ ಕುಸಿದು ಕೂತ. ಏಳಲು ನೋಡಿದ, ಆಗಲಿಲ್ಲ. ಒತ್ತಿದ, ಜೋರಾಗಿ ಒತ್ತಿದ, ಹೆಬ್ಬೆರಳಿನ ಉಗುರು ಬೆಳ್ಳಗಾಗುವವರೆಗೆ ಒತ್ತಿದ. ಏನೂ ಇಲ್ಲ. ಕನಸಿನಲ್ಲೂ ಇಲ್ಲೇ, ನನಸಿನಲ್ಲೂ ಇಲ್ಲೇ. ತನ್ನ ದಾರಿಯ ಉದ್ದವೇ ಇಷ್ಟಿರಬೇಕು ಎಂದುಕೊಂಡು ಟವೆಲ್ಲನ್ನು ಕೈಗೆ ಸುತ್ತಿಕೊಂಡ.

ಬೈಕಿನಲ್ಲಿ ಹೋಗುತ್ತಿದ್ದ ಕೊಪ್ಪಲಿನ ದೇವರಾಜು ನಿಲ್ಲಿಸಿ, "ಅತ್ತಿ ಮಾವ, ಬುಟ್ಬುಡ್ತೀನಿ," ಎಂದ.

"ಬ್ಯಾಡ ಓಗ್ಲಾ. ಸುಧಾರಿಸ್ಕಂಡು ಬತ್ತೀನಿ."

ದೇವರಾಜು ಹೋದ. ತಮ್ಮಯ್ಯ ಗೋಡೆಗೆ ತಲೆ ಒರಗಿಸಿದ. ಕಬ್ಬಿನ ಗರಿಗಳು ಒಂದಕ್ಕೊಂದು ಏನೋ ಹೇಳಿಕೊಳ್ಳುತ್ತಿದ್ದವು. ಬಿಸಿಲಿಗೆ ಲಂಟಾನ ಹೂವಿನ ವಾಸನೆ ಬೆಲ್ಲದ ವಾಸನೆಯಾಯಿತು. ಒಲೆಯ ಗುಂಡಿಯಿಂದ ಹೊಗೆ ಎದ್ದಂತೆ ಕಂಡಿತು. ಗಾಣವಿದ್ದ ಕಡೆ ಹುಡುಗಿ ಬೆನ್ನು ಹಾಕಿ ನಿಂತಿದ್ದಳು, ಇವತ್ತೂ ನಿಂತಿದ್ದಳು. ತಮ್ಮಯ್ಯ ಕೂಗಲು ಬಾಯಿ ತೆರೆದ. ಹುಡುಗಿ ತಾನಾಗಿಯೇ ತಿರುಗಿದಳು. ತಲೆಯೆಲ್ಲ ಬೆಳ್ಳಗಾಗಿತ್ತು.

"ಅಣ್ಣಯ್ಯ," ಎಂದಳು ಮಾದಮ್ಮ.

ದೇವರಾಜು ಹೇಳಿದ ಸುದ್ದಿ ಕೇಳಿ, ಒಲೆಯ ಮೇಲಿನ ಒಬ್ಬಟ್ಟನ್ನು ಸೊಸೆಗೆ ಒಪ್ಪಿಸಿ ಒಂದು ಮೈಲಿ ನಡೆದು ಬಂದಿದ್ದಳು. ಹಬ್ಬದ ದಿನ ಬಾಗಿನ ಈಸಿಕೊಳ್ಳುವವಳು ಎದುರು ಹೋಗುವ ಪದ್ಧತಿಯಿಲ್ಲ, ಹೊಸ್ತಿಲಲ್ಲೇ ಕಾಯಬೇಕು. ಅದು ಇರಲಿ, ಈ ಆಲೆಮನೆಯ ದಾರಿಯನ್ನು ಅವಳು ನಲವತ್ತೆಂಟು ವರ್ಷದಿಂದ ತುಳಿದಿರಲಿಲ್ಲ. ತವರಿಗೆ ಬರುವಾಗಲೆಲ್ಲ ಟಾರು ರೋಡಿನಲ್ಲಿ ಸುತ್ತಿ ಬರುತ್ತಿದ್ದಳು. ಇವತ್ತು ಗಾಣ ಇದ್ದ ಜಾಗದಲ್ಲೇ ನಿಂತಿದ್ದಳು.

"ಯಾಕ್ ಬಂದೆ ಮಾದಿ? ನಾನೇ ಬತ್ತಿದ್ದೆ."

"ಕಾಣ್ತದೆ," ಎಂದು ಅವಳು ಪಕ್ಕದಲ್ಲಿ ಕೂತಳು. "ಏನಾಗದೆ ಕಾಲ್ಗೆ?"

ತಮ್ಮಯ್ಯ ಎಲ್ಲವನ್ನೂ ಹೇಳಿದ. ಪದ್ಮ ಮೇಡಂ, ಮೂರು ಮೈಲಿಯ ಜಾಗ, ನಾಲ್ಕು ಬೆರಳಿನ ಅಳತೆ. ಜುಮ್ಮೆನ್ನಬೇಕಾದ್ದು ಒಂದು ದಿನವೂ ಜುಮ್ಮೆನ್ನದಿದ್ದದ್ದು. ಕನಸಿನ ಸುದ್ದಿ ಮಾತ್ರ ಹೇಳಲಿಲ್ಲ.

"ಎಲ್ಲಿ ಒತ್ತೀಯ, ತೋರ್ಸು."

ತಮ್ಮಯ್ಯ ಎಡಗೈ ಮುಂದೆ ತಂದ.

"ಮನೇಲಿ ಯಾವ ಕೈಲಿ ಅಳೀತಿದ್ದೆ?"

ತಮ್ಮಯ್ಯನ ಬಲಗೈ ಇನ್ನಷ್ಟು ಹಿಂದೆ ಸರಿಯಿತು. ಮಾದಮ್ಮ ಅವನ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವನು ಎಳೆದುಕೊಳ್ಳಲು ನೋಡಿದ, ಅವಳು ಬಿಡಲಿಲ್ಲ. ಟವೆಲ್ಲಿನ ಒಂದೊಂದು ಸುತ್ತನ್ನೂ ಬಿಚ್ಚಿದಳು. ಹದಿಮೂರರಲ್ಲಿ ಕಣ್ಣು ತಿರುಗಿಸಿಕೊಂಡವಳು ಅರವತ್ತೊಂದರಲ್ಲಿ ಕಣ್ಣಿಟ್ಟು ನೋಡಿದಳು. ಗಾಯದ ಗುರುತು ಎಂದೋ ನಯವಾಗಿತ್ತು. ಎಷ್ಟು ದೊಡ್ಡದು ಎಂದುಕೊಂಡು ಬದುಕಿದ್ದಳೋ, ಅದು ಅಷ್ಟು ದೊಡ್ಡದಾಗಿರಲಿಲ್ಲ.

ಆ ಕೈಯನ್ನು ಅವನ ಮಂಡಿಚಿಪ್ಪಿನ ಕೆಳಗೆ ಅಡ್ಡಲಾಗಿ ಇಟ್ಟಳು. ಬೆರಳು ಮುಟ್ಟಿ ಮುಟ್ಟಿ ಎಣಿಸಿದಳು.

"ಮೂರೇ ಅವೆ ಕಣಣ್ಣಯ್ಯ."

ತಮ್ಮಯ್ಯ ತನ್ನ ಕೈಯನ್ನು ಹೊಸದಾಗಿ ನೋಡುವವನಂತೆ ನೋಡಿದ. "ಅಯ್ಯೋ ಶಿವ್ನೆ," ಎಂದ ಮೆಲ್ಲಗೆ. "ನಂಗೆ ನಾಕು ಅಂತ್ಲೇ ಅನ್ಸದು ಕಣವ್ವ. ಯಾವತ್ತೂ ಓಗಿಲ್ಲ ಅದು. ಅಲ್ಲೇ ಅದೆ ಅನ್ಸ್ತದೆ."

"ನಂಗೂ ಅಂಗೇ," ಎಂದಳು ಮಾದಮ್ಮ. "ನಂಗೂ ಅದು ಓಗೇ ಇಲ್ಲ. ದಿವ್ಸಾ ಅನ್ನ ಕಲ್ಸುವಾಗ ಅದೇ ನೆಪ್ಪು. ನನ್ ಕೈ ಉಳಿಸ್ದೋನು ನನ್ ಮನೇಲಿ ಕೈ ತೊಳೀನಿಲ್ಲ ಅಂತ. ನನ್ ಮ್ಯಾಲೆ ಕ್ವಾಪ ಅಂತ್ಲೇ ಇದ್ದೆ."

"ಕ್ವಾಪವಾ? ನೀನು ನೋಡಿದ್ರೆ ನೊಂದ್ಕತೀಯ ಅಂತ ಮುಚ್ಚಿಟ್ಕಂಡೆ."

ನಲವತ್ತೆಂಟು ವರ್ಷ ಒಬ್ಬರಿಗೊಬ್ಬರು ನೋವಾಗದ ಹಾಗೆ ನೋಯಿಸಿಕೊಂಡು ಬಂದಿದ್ದರು. ಬೈದುಕೊಳ್ಳೋಣವೆಂದರೆ ಇಬ್ಬರಲ್ಲಿ ಯಾರನ್ನು ಬೈಯುವುದು?

ಮಾದಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಅಣ್ಣನ ಉಂಗುರಬೆರಳಿನ ಕೆಳಗೆ, ಖಾಲಿಯಿದ್ದ ಜಾಗದಲ್ಲಿ, ತನ್ನ ಕಿರುಬೆರಳನ್ನು ಒತ್ತಾಗಿ ಜೋಡಿಸಿದಳು. ಗಾಣದಿಂದ ಈಚೆ ಬಂದ ಬೆರಳು ಅದು.

"ಅವ್ರವ್ರ ಬೆರಳೇ ಆಗ್ಬೇಕು ಅಂದ್ರು ಮೇಡಮ್ಮು," ಎಂದ ತಮ್ಮಯ್ಯ.

"ಒಂದೇ ಒಟ್ಟೇಲಿ ಉಟ್ಟಿದ್ದು, ಇದ್ಯಾರ್ದು ಮತ್ತೆ? ಸುಮ್ಕಿರು. ಈಗ ಎಣಿಸ್ಕ, ನಾಕು."

ಅವಳ ಬೆರಳು ಮುಗಿದಲ್ಲಿಂದ ಮೂಳೆಯ ಆಚೆಗೆ ಅವನು ಹೆಬ್ಬೆರಳು ಇಟ್ಟ. ಹಳ್ಳವೊಂದು ಸಿಕ್ಕಿತು. ಇಷ್ಟು ದಿನ ಒಂದು ಬೆರಳು ಮೇಲೆ ಕೂತು ಹುಡುಕಿದ್ದು, ಇಲ್ಲಿ ಸುಮ್ಮನೆ ಕಾಯುತ್ತಿತ್ತು. ಒತ್ತಿದ. ಮಂಡಿಯ ಕೆಳಗಿನಿಂದ ಏನೋ ಹೊರಟು, ಕಾಲಿನ ಮೂಳೆಯ ಪಕ್ಕದಲ್ಲೇ ಇಳಿದು, ತೂಬು ಎತ್ತಿದಾಗ ನೀರು ಕಾಲುವೆಗೆ ಹೋಗುವ ಹಾಗೆ ಪಾದದವರೆಗೂ ಹೋಯಿತು.

"ಜುಮ್ಮಂತು," ಎಂದ. ಈ ಸಲ ಸುಳ್ಳಲ್ಲ.

ಇಬ್ಬರೂ ಸರದಿಯಲ್ಲಿ ಒತ್ತಿದರು. ಕಾಲು ಎದ್ದದ್ದು ಆ ಜಾಗದ ಗುಣದಿಂದಲೋ, ಅರ್ಧ ಗಂಟೆ ಕೂತು ಸುಧಾರಿಸಿಕೊಂಡದ್ದರಿಂದಲೋ, ಪಕ್ಕದಲ್ಲಿ ತಂಗಿ ಇದ್ದಳೆಂದೋ ಹೇಳಲು ನಾನು ಪದ್ಮ ಮೇಡಂ ಅಲ್ಲ. ತಮ್ಮಯ್ಯ ಗೋಡೆ ಹಿಡಿದು ಎದ್ದ, ಅಷ್ಟು ಗೊತ್ತು. ಮೊರವನ್ನು ಅವಳ ಕೈಗೆ ಕೊಡಹೋದ.

"ಇಲ್ಲಿ ಈಸ್ಕಳಾಕಿಲ್ಲ," ಎಂದಳು. "ಒಸ್ಲು ತಾವ್ಲೇ ಕೊಡ್ಬೇಕು. ನಡಿ."

ಅವನು ಮೊರ ಹೊತ್ತ, ಅವಳು ಅವನ ರಟ್ಟೆ ಹಿಡಿದಳು. ಆಲೆಮನೆಯ ಮೋಟುಗೋಡೆ ಹಿಂದೆ ಬಿತ್ತು. ಅಲ್ಲಿಂದ ಮುಂದಿನ ದಾರಿ ತಮ್ಮಯ್ಯನ ಕನಸಿಗೆ ಗೊತ್ತೇ ಇರಲಿಲ್ಲ. ಹೊಸ ದಾರಿಯಂತೆ ನೋಡಿಕೊಂಡು ನಡೆದ. ಏರಿಯ ಮೇಲೆ ಎರಡು ವರ್ಷದ ಹುಲ್ಲು ಬೆಳೆದಿತ್ತು. ನಾಲ್ಕು ಪಾದಗಳು ಅದನ್ನು ನಿಧಾನವಾಗಿ ತುಳಿಯುತ್ತಾ ಹೋದವು.

ಹೊಸ್ತಿಲಿನ ಒಳಗೆ ನಿಂತು ಮಾದಮ್ಮ ಬಾಗಿನ ಈಸಿಕೊಂಡಳು. ಸೊಸೆ ಸ್ನೇಹ ಏಣಿ ಹಾಕಿ ಅಟ್ಟದ ಮೇಲಿನ ಹೋದ ವರ್ಷದ ಮೊರ ಇಳಿಸಿದಳು. ದಾರ ಬಿಚ್ಚಿದರೆ ಅಕ್ಕಿಯ ತುಂಬ ಹುಳ, ಬೆಲ್ಲದ ಅಚ್ಚಿನ ತುಂಬ ಇರುವೆ. ಬಳೆ ಮಾತ್ರ ಹಸಿರಾಗಿ ಚೆನ್ನಾಗಿದ್ದವು. ಮಾದಮ್ಮ ಆ ವರ್ಷದವನ್ನು ಎಡಗೈಗೂ ಈ ವರ್ಷದವನ್ನು ಬಲಗೈಗೂ ತೊಟ್ಟುಕೊಂಡಳು.

ಆಮೇಲೆ ಎಲೆ ಹಾಕಿದಳು. ಏನೂ ಕೇಳಲಿಲ್ಲ. ತಮ್ಮಯ್ಯ ಎಲೆಯನ್ನು ನೋಡಿದ, ಬಾಗಿಲನ್ನು ನೋಡಿದ. ಹಿತ್ತಲಿಗೆ ಹೋಗಿ ಎರಡೂ ಕೈ ತೊಳೆದು ಬಂದು ಕೂತ. ಟವೆಲ್ಲು ಹೆಗಲ ಮೇಲಿತ್ತು, ಊರಿನ ಎಲ್ಲರದೂ ಇರುವ ಹಾಗೆ. ಮೂರು ಬೆರಳು ಒಂದು ಹೆಬ್ಬೆರಳಿನಲ್ಲಿ ಒಬ್ಬಟ್ಟು ಮುರಿದು ಬಾಯಿಗಿಟ್ಟುಕೊಂಡ. ಮಾದಮ್ಮ ತುಪ್ಪದ ಗಿಂಡಿ ಹಿಡಿದು ಎದುರಿಗೇ ನಿಂತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಕಣ್ಣು ಮಾತ್ರ ಆ ಕೈಯಿಂದ ಈಚೆ ಬರಲಿಲ್ಲ.

"ಇನ್ನೊಂದ್ ಆಕ್ಲಾ ಅಣ್ಣಯ್ಯ?"

"ಎಲ್ಡ್ ಆಕು," ಎಂದ ತಮ್ಮಯ್ಯ, ಬಾಯಿ ತುಂಬಿಕೊಂಡೇ. "ವಾಪಸ್ ಓಗಾಕೂ ಮೂರ್ ಮೈಲಿ ಅದೆ."